ಬಯಲುಸೀಮೆಯ ಬೆಳ್ಳಿ, ಕೆಲಸಗಾರನ ಹೆಸರು

ವಿಕ್ಟೋರಿಯಾ ರಾಣಿಯ ಮುಖವಿದ್ದ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತಿತ್ತು. ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ಹಳ್ಳಿಯ ಅಕ್ಕಸಾಲಿಗೆ ಅದೇ ತೂಕದ ಕಲ್ಲು, ಅದೇ ಕಚ್ಚಾಮಾಲು. ಮನೆಯವರು ರೂಪಾಯಿಗಳನ್ನು ಎಣಿಸಿ ಕೊಟ್ಟರೆ ಅವು ಮೂಸೆಯಲ್ಲಿ ಕರಗಿ ಕಡಗವಾಗಿ, ಉಡಿದಾರವಾಗಿ ಮನೆಗೆ ಮರಳುತ್ತಿದ್ದವು. 1940ರಲ್ಲಿ ಸರ್ಕಾರ ನಾಣ್ಯದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು, 1947ರಲ್ಲಿ ಪೂರ್ತಿ ತೆಗೆದು ನಿಕ್ಕಲ್ ಮಾಡಿತು. ಆ ದಾರಿ ಅಲ್ಲಿಗೆ ಮುಚ್ಚಿತು.

ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ. ಕುರಿ, ಕಂಬಳಿ, ಶೇಂಗಾ ನಂಬಿದ ಜನ. ಇಂಥ ಕಡೆ ಬೆಳ್ಳಿ ಬರೀ ಅಲಂಕಾರವಲ್ಲ. ಮಳೆ ಕೈಕೊಟ್ಟ ವರ್ಷ ಕಾಲ್ಗಡಗ ಒತ್ತೆಗೆ ಹೋಗುತ್ತದೆ, ಬೆಳೆ ಬಂದರೆ ಬಿಡಿಸಿಕೊಂಡು ಬರುತ್ತಾರೆ.

ಅಮೆರಿಕದ ನೈರುತ್ಯ ದಿಕ್ಕಿನ ಒಣನೆಲದಲ್ಲೂ ಇದೇ ಕಥೆ. ಅಲ್ಲಿನ ನವಾಹೊ ಜನರೂ ಕುರಿ ಸಾಕುವವರು, ಉಣ್ಣೆ ನೇಯುವವರು. 1864ರಲ್ಲಿ ಸೈನ್ಯ ಅವರನ್ನು ನೆಲದಿಂದ ಎಬ್ಬಿಸಿ ನೂರಾರು ಮೈಲಿ ನಡೆಸಿತು, 1868ರಲ್ಲಿ ಮರಳಿದರು. ಮೆಕ್ಸಿಕೋ ಕಡೆಯ ಕುಶಲಕರ್ಮಿಗಳಿಂದ ಕಲಿತ ಲೋಹದ ಕೆಲಸ ಅಲ್ಲಿಂದಾಚೆಗೆ ಅವರಲ್ಲಿ ಹಬ್ಬಿತು. ಅವರೂ ಬೆಳ್ಳಿ ನಾಣ್ಯ ಕರಗಿಸಿದರು. ಒಡವೆಯನ್ನು ವ್ಯಾಪಾರಿಯ ಬಳಿ ಒತ್ತೆಯಿಟ್ಟು ಹಿಟ್ಟು, ಕಾಫಿ ಒಯ್ದರು, ಉಣ್ಣೆ ಕತ್ತರಿಸುವ ಕಾಲಕ್ಕೆ ಬಿಡಿಸಿಕೊಂಡರು. ನೀಲಿ ವೈಡೂರ್ಯ ಕೂರಿಸುವ ರೂಢಿ ಬಂದದ್ದು ಆಮೇಲೆ.

ನಮ್ಮ ಅಕ್ಕಸಾಲಿಯ ಕೆಲಸ ನೋಡಬೇಕಾದರೆ ಪುರುಸೊತ್ತು ಮಾಡಿಕೊಂಡೇ ಕೂರಬೇಕು. ಬೆಳ್ಳಿ ಕರಗುವುದು 961 ಡಿಗ್ರಿಯಲ್ಲಿ. ಬಿಳಿಗಾರ ಹಾಕಿ ಕಶ್ಮಲ ಬಿಡಿಸಿ, ಅಚ್ಚಿಗೆ ಸುರಿದು ಕಡ್ಡಿ ಮಾಡುತ್ತಾರೆ. ಕಡ್ಡಿಯನ್ನು ಬಡಿದು, ಸಣ್ಣ ಸಣ್ಣ ತೂತುಗಳ ಉಕ್ಕಿನ ಪಟ್ಟಿಯಲ್ಲಿ ಎಳೆದು ತಂತಿ ತೆಗೆಯುತ್ತಾರೆ. ಬಡಿದಷ್ಟೂ ಬೆಳ್ಳಿ ಗಡುಸಾಗುತ್ತದೆ. ಆಗಾಗ ಕೆಂಪಗೆ ಕಾಯಿಸಿ ಮೆತ್ತಗೆ ಮಾಡದಿದ್ದರೆ ಸೀಳುತ್ತದೆ. ಯಾವಾಗ ನಿಲ್ಲಿಸಬೇಕೆಂಬುದು ಸುತ್ತಿಗೆಯ ಸದ್ದಿನಲ್ಲೇ ತಿಳಿಯಬೇಕು. ದೇವರ ಮುಖವಾಡದ್ದು ಇನ್ನೂ ಕಷ್ಟದ ಕೆಲಸ. ತೆಳು ತಗಡನ್ನು ಇಟ್ಟಿಗೆ ಪುಡಿ ಬೆರೆಸಿದ ಅರಗಿನ ಮೇಲೆ ಕೂರಿಸಿ, ಹಿಂದಿನಿಂದ ಉಬ್ಬಿಸಿ, ಮುಂದಿನಿಂದ ಚಾಣದಲ್ಲಿ ಕಣ್ಣು, ಮೂಗು, ತುಟಿ ತೀಡುತ್ತಾರೆ. ಒಂದು ಏಟು ಹೆಚ್ಚಾದರೂ ತಗಡು ಹರಿಯುತ್ತದೆ. ಕೊನೆಗೆ ಅಂಟುವಾಳದ ನೊರೆಯಲ್ಲಿ ಉಜ್ಜಿದಾಗ ಬರುವ ಬಿಳುಪು ಯಂತ್ರದ ಪಾಲಿಶಿಗೆ ಬಾರದು ಎಂದೇ ನನ್ನ ಅನಿಸಿಕೆ.

ಈ ಕೈಗಳಿಂದ ಲಿಂಗವಂತರ ಕರಡಿಗೆ, ಮಕ್ಕಳ ಉಡಿದಾರ, ಮದುವೆಯ ಕಾಲುಂಗುರ, ಹರಕೆಯ ಬೆಳ್ಳಿ ಕಣ್ಣು ಹೊರಡುತ್ತವೆ. ಚಿತ್ರದುರ್ಗ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರು ಕೂದಲಿಗೆ ಇಳಿಬಿಡುತ್ತಿದ್ದ ಗೆಜ್ಜೆಯ ಒಡವೆ, ನಾಣ್ಯದ ಹಾರಗಳು ಮಾತ್ರ ಈಗ ಅಪರೂಪ. ಅವುಗಳ ಜಾಗಕ್ಕೆ ಹಗುರ ಲೋಹದ ನಕಲು ಬಂದಿದೆ.

ಮೊಳಕಾಲ್ಮೂರಿನ ಮಗ್ಗದಲ್ಲೂ ಬೆಳ್ಳಿಯಿದೆ. ಅಸಲಿ ಜರಿಯೆಂದರೆ ರೇಷ್ಮೆ ಎಳೆಗೆ ಚಪ್ಪಟೆ ಬೆಳ್ಳಿ ತಂತಿ ಸುತ್ತಿ ಬಂಗಾರದ ಲೇಪ ಕೊಟ್ಟದ್ದು. ಸೀರೆ ಹರಿದ ಮೇಲೂ ಜರಿಗೆ ಬೆಲೆ ಸಿಗುವುದು ಇದರಿಂದಲೇ. ಆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತು, ಊರಿನ ಹೆಸರು ಕಾನೂನಿನ ರಕ್ಷಣೆ ಪಡೆಯಿತು.

ಬೆಳ್ಳಿ ಕೆಲಸದವನಿಗೆ ಅಂಥದ್ದೇನೂ ಸಿಕ್ಕಿಲ್ಲ. ಅವನ ಕಡಗ ಅಂಗಡಿಯ ಹೆಸರಲ್ಲಿ ಮಾರಾಟವಾಗುತ್ತದೆ, ಅಚ್ಚೊತ್ತಿದ ಮಾಲಿನ ಪಕ್ಕದಲ್ಲಿ ಅದರದೇ ದರಕ್ಕೆ ತೂಗಿಸಿಕೊಳ್ಳುತ್ತದೆ. ನವಾಹೊಗಳಿಗೂ ನಕಲಿಯ ಕಾಟ ತಪ್ಪಿರಲಿಲ್ಲ. ಮೂಲನಿವಾಸಿಗಳು ಮಾಡದ್ದನ್ನು ಅವರದೆಂದು ಮಾರಿದರೆ ಶಿಕ್ಷೆಯೆಂದು ಅಮೆರಿಕ 1990ರಲ್ಲಿ ಕಾನೂನನ್ನು ಬಲಪಡಿಸಿತು. ಇಂದಿನ ನವಾಹೊ ಕುಶಲಕರ್ಮಿಗಳಲ್ಲಿ ಅನೇಕರು ಒಡವೆಯ ಬೆನ್ನಿಗೆ ತಮ್ಮದೇ ಗುರುತು ಒತ್ತುತ್ತಾರೆ, ಕೊಳ್ಳುವವರು ಅದನ್ನು ನೋಡಿಯೇ ಬೆಲೆ ಕಟ್ಟುತ್ತಾರೆ.

ಕೆಲಸಗಾರ ಹೆಸರು ಹಾಕುವುದು ಈ ನೆಲಕ್ಕೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಚಕ್ರವರ್ತಿಯ ಆಜ್ಞೆಯ ಕೆಳಗೆ, ತನ್ನ ಕಸುಬಿನ ಹೆಸರನ್ನು ಖರೋಷ್ಠಿ ಲಿಪಿಯಲ್ಲಿ ಕೆತ್ತಿ ಆತ ತನ್ನ ರುಜು ಹಾಕಿದ್ದಾನೆ. ಈಗ ಹಾಲ್‌ಮಾರ್ಕ್ ಇರುವ ಬೆಳ್ಳಿಯ ಮೇಲೆ 925, 990 ಎಂದು ಶುದ್ಧತೆಯ ಅಂಕಿ ಬರುತ್ತದೆ. ಆ ಅಂಕಿಯ ಪಕ್ಕದಲ್ಲಿ ಚಳ್ಳಕೆರೆಯ ಅಕ್ಕಸಾಲಿಯ ಗುರುತಿಗೂ ಜಾಗ ಬಿಡಬಹುದು. ಕಡಗ ಮಾಡಿಸುವವರು ಕೇಳಿದರೆ ಸಾಕು, ಒತ್ತುವ ಉಳಿ ಅಕ್ಕಸಾಲಿಯ ಪೆಟ್ಟಿಗೆಯಲ್ಲೇ ಇರುತ್ತದೆ.