ಮನೆಯ ಉಪಗ್ರಹ ದೂರದರ್ಶನ: ಸಂಕೇತಗ್ರಹಣದ ದೋಷಗಳು ಮತ್ತು ಬಿಡಿಭಾಗಗಳ ಬದಲಾವಣೆ

ಕೃತಕ ಉಪಗ್ರಹದಿಂದ ನೇರವಾಗಿ ಮನೆಗೇ ದೂರದರ್ಶನವನ್ನು ಪಡೆಯುವ ವ್ಯವಸ್ಥೆ ಇಂದು ನಮ್ಮ ನಾಡಿನಲ್ಲಿ ಸರ್ವಸಾಧಾರಣವಾಗಿದೆ. ಕೇಬಲ್ಲಿನ ಜಾಲವು ತಲಪದ ಮಲೆನಾಡಿನ ಒಂಟಿಮನೆಗಳಿಗೂ ಬಯಲುಸೀಮೆಯ ತೋಟದ ಮನೆಗಳಿಗೂ ಅದು ಬಲುಮಟ್ಟಿಗೆ ಆಧಾರವಾಗಿದೆ. ಪ್ರಸಾರ ಭಾರತಿಯು 2004ರ ಡಿಸೆಂಬರ್ ತಿಂಗಳಲ್ಲಿ ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಆರಂಭಿಸಿದ, ಈಗ ಡಿ.ಡಿ. ಫ್ರೀ ಡಿಶ್ ಎಂದು ಪ್ರಸಿದ್ಧವಾಗಿರುವ ಸೇವೆಗೆ ತಿಂಗಳ ಶುಲ್ಕವಿಲ್ಲದಿರುವುದರಿಂದ, ಅಲ್ಪ ವರಮಾನದ ಸಂಸಾರಗಳು ಅದನ್ನು ವಿಶೇಷವಾಗಿ ಆಶ್ರಯಿಸಿವೆ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸ್ವಯಂ ಪ್ರಭಾ ಪಾಠವಾಹಿನಿಗಳೂ ಉಪಗ್ರಹದ ಮೂಲಕವೇ ಬರುತ್ತವೆ. ಆದುದರಿಂದ ಛಾವಣಿಯ ಮೇಲಿನ ಡಿಶ್ ಕೇವಲ ವಿನೋದದ ಸಾಧನವಲ್ಲ. ದೂರದ ಹಳ್ಳಿಯ ವಿದ್ಯಾರ್ಥಿಗೆ ಅದು ಪಾಠಶಾಲೆಯ ಕಿಟಕಿಯೂ ಹೌದು.

ಇಂಥ ಸಾಧನದಲ್ಲಿ ಚಿತ್ರವು ಒಡೆಯತೊಡಗಿದಾಗ ಮನೆಯವರ ಸಂಶಯ ಮೊದಲು ಹೋಗುವುದು ದೂರದರ್ಶನದ ಬಳಿಯಲ್ಲಿರುವ ಸೆಟ್ ಟಾಪ್ ಬಾಕ್ಸಿನ ಕಡೆಗೆ. ಅದನ್ನು ಬದಲಾಯಿಸಿಯೂ ಗುಣ ಕಾಣದಿದ್ದರೆ ಇಡೀ ವ್ಯವಸ್ಥೆಯನ್ನೇ ತೆಗೆದು ಹೊಸದನ್ನು ಕೊಳ್ಳುವುದುಂಟು. ಈ ವೆಚ್ಚವು ಬಹುತೇಕ ಸಂದರ್ಭಗಳಲ್ಲಿ ಅನಾವಶ್ಯಕವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ದೋಷವು ಹೆಚ್ಚಾಗಿ ಇರುವುದು ಬಿಸಿಲು ಮಳೆಗಳಿಗೆ ಒಡ್ಡಿಕೊಂಡಿರುವ ಕೆಲವೇ ಅಗ್ಗದ ಭಾಗಗಳಲ್ಲಿ. ಅವುಗಳಲ್ಲಿ ಯಾವುದು ಕೆಟ್ಟಿದೆಯೆಂಬುದನ್ನು ಲಕ್ಷಣಗಳಿಂದಲೇ ಬಲುಮಟ್ಟಿಗೆ ಊಹಿಸಬಹುದು.

ಮೊದಲು ಸಂಕೇತದ ಸ್ವರೂಪವನ್ನು ವಿಚಾರಿಸೋಣ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಕಳುಹಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಅಂದು ಬಳಸಿದ ಡಿಶ್ಶಿನ ಅಡ್ಡಳತೆ 3 ಮೀಟರು. ಅದನ್ನು ಕೋಳಿಗೂಡಿಗೆ ಹಾಕುವ ತಂತಿಬಲೆಯಿಂದ ನಿರ್ಮಿಸಲಾಗಿತ್ತು. ತೂತುಗಳಿರುವ ಬಲೆ ಅಂದು ಸಾಕಾದುದಕ್ಕೆ ಕಾರಣವಿದೆ. ಆ ಪ್ರಸಾರದ ಕಂಪನಾಂಕ 860 ಮೆಗಾಹರ್ಟ್ಸ್. ಆದುದರಿಂದ ತರಂಗದೂರ, ಎಂದರೆ ಅಲೆಯ ಒಂದು ಶಿಖರದಿಂದ ಮುಂದಿನ ಶಿಖರದವರೆಗಿನ ಅಂತರ, ಸುಮಾರು 35 ಸೆಂಟಿಮೀಟರು. ಅಷ್ಟು ಉದ್ದದ ಅಲೆಗೆ ಬಲೆಯ ಸಣ್ಣ ತೂತುಗಳು ಇದ್ದರೂ ಇಲ್ಲದಂತೆಯೇ. ಇಂದಿನ ಮನೆಬಳಕೆಯ ಪ್ರಸಾರವಾದರೋ ಸುಮಾರು 10.7ರಿಂದ 12.75 ಗಿಗಾಹರ್ಟ್ಸ್ ಕಂಪನಾಂಕದಲ್ಲಿ ಬರುತ್ತದೆ. ತರಂಗದೂರ ಸುಮಾರು ಎರಡೂವರೆ ಸೆಂಟಿಮೀಟರು ಮಾತ್ರ. ಅಲೆಯು ಹದಿನಾಲ್ಕರಲ್ಲೊಂದು ಪಾಲಿಗೆ ಇಳಿದುದರಿಂದ 60 ಸೆಂಟಿಮೀಟರಿನ ಚಿಕ್ಕ ಡಿಶ್ಶೇ ಸಾಕಾಯಿತು. ಆದರೆ ಅದೇ ಪ್ರಮಾಣದಲ್ಲಿ ಅದರ ಆಕಾರವೂ ದಿಕ್ಕೂ ಹೆಚ್ಚು ನಿಖರವಾಗಿರಬೇಕಾಯಿತು.

ಡಿ.ಡಿ. ಫ್ರೀ ಡಿಶ್ ಸೇವೆಯನ್ನು ಹೊತ್ತಿರುವ ಜಿಸ್ಯಾಟ್-15 ಉಪಗ್ರಹವನ್ನು 2015ರ ನವೆಂಬರಿನಲ್ಲಿ ಉಡಾಯಿಸಲಾಯಿತು. ಅದು ಭೂಮಧ್ಯರೇಖೆಯ ಮೇಲೆ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸುಮಾರು 35,786 ಕಿಲೋಮೀಟರು ಎತ್ತರದಲ್ಲಿ ಭೂಮಿಯೊಡನೆಯೇ ಸುತ್ತುತ್ತದೆ. ಹಾಸನದಲ್ಲಿರುವ ಪ್ರಧಾನ ನಿಯಂತ್ರಣ ಕೇಂದ್ರವು ಇಂಥ ಉಪಗ್ರಹಗಳನ್ನು ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲಿಸುವ ಕಾರ್ಯವನ್ನು ನಿರ್ವಹಿಸುತ್ತದೆ. ಉಪಗ್ರಹವು ನಮಗೆ ನಿಶ್ಚಲವಾಗಿ ಕಾಣುವುದರಿಂದಲೇ ಡಿಶ್ಶನ್ನು ಒಮ್ಮೆ ಬಿಗಿದು ಬಿಟ್ಟುಬಿಡಲು ಸಾಧ್ಯವಾಗಿದೆ. ಬೆಂಗಳೂರಿನಿಂದ ಲೆಕ್ಕ ಹಾಕಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ಉತ್ತರದಿಂದ ಪ್ರದಕ್ಷಿಣವಾಗಿ 128 ಡಿಗ್ರಿಯಲ್ಲಿ, ದಿಗಂತದಿಂದ 66 ಡಿಗ್ರಿ ಮೇಲಕ್ಕೆ ಇದೆ. ಆದರೂ ಡಿಶ್ಶಿನ ಮುಖ ಅಷ್ಟು ಮೇಲೆ ನೋಡುವಂತೆ ಕಾಣುವುದಿಲ್ಲ. ಮನೆಯ ಡಿಶ್ ಪರವಲಯದ ಒಂದು ಪಕ್ಕದ ತುಂಡಾದುದರಿಂದ, ಅದು ಗ್ರಹಿಸುವ ದಿಕ್ಕು ಮುಖದ ನೇರಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಿರುತ್ತದೆ. ಇದನ್ನರಿಯದೆ ಡಿಶ್ಶನ್ನು ಆಕಾಶದತ್ತ ಎತ್ತಿ ಕೆಡಿಸಿಕೊಳ್ಳುವವರುಂಟು.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಳೆಯ ಕಾಲದ ದೂರದರ್ಶನದಲ್ಲಿ ಸಂಕೇತ ಕುಂದಿದಷ್ಟೂ ಚಿತ್ರದ ಮೇಲೆ ಹಿಮ ಸುರಿದಂತೆ ಚುಕ್ಕೆಗಳು ಹೆಚ್ಚುತ್ತಿದ್ದವು. ನೋಡುವವನಿಗೆ ಕೇಡು ಮೊದಲೇ ತಿಳಿಯುತ್ತಿತ್ತು. ಇಂದಿನ ಸಂಕೇತ ಅಂಕಿಗಳ ರೂಪದಲ್ಲಿದೆ. ತಪ್ಪಿದ ಅಂಕಿಗಳನ್ನು ಪೆಟ್ಟಿಗೆಯು ಗಣಿತದ ಸಹಾಯದಿಂದ ತಿದ್ದಿಕೊಳ್ಳುವುದರಿಂದ, ಒಂದು ಮಿತಿಯವರೆಗೆ ಚಿತ್ರ ನಿರ್ದುಷ್ಟವಾಗಿಯೇ ಕಾಣುತ್ತದೆ. ಮಿತಿಯನ್ನು ದಾಟಿದೊಡನೆ ಚೌಕಚೌಕವಾಗಿ ಒಡೆದು ಮಾಯವಾಗುತ್ತದೆ. ಒಳ್ಳೆಯ ಹವೆಯಲ್ಲಿ ದೊರೆಯುವ ಸಂಕೇತಕ್ಕೂ ಈ ಮಿತಿಗೂ ನಡುವಿನ ಅಂತರವನ್ನು ನಾವು ಮೀಸಲು ಎಂದು ಕರೆಯೋಣ. ಮಳೆ ಬಂದಾಗ ತಡೆದುಕೊಳ್ಳುವುದು ಈ ಮೀಸಲೇ. ಭಾಗಗಳು ಹಳತಾದಂತೆ ಅದು ಸದ್ದಿಲ್ಲದೆ ಕರಗುತ್ತದೆ. ಒಣ ದಿನಗಳಲ್ಲಿ ಚಿತ್ರ ಚೆನ್ನಾಗಿರುವುದರಿಂದ ಯಾರಿಗೂ ತಿಳಿಯುವುದಿಲ್ಲ. ತುಂತುರು ಮಳೆಗೇ ಚಿತ್ರ ಹೋಗತೊಡಗಿತೆಂದರೆ ಮಳೆಯನ್ನು ದೂರಬಾರದು. ಮೀಸಲನ್ನು ತಿಂದ ಭಾಗವಾವುದೆಂದು ಹುಡುಕಬೇಕು.

ಮೊದಲನೆಯದು ಡಿಶ್ ಮತ್ತು ಅದರ ಕಂಬ. 60 ಸೆಂಟಿಮೀಟರಿನ ಡಿಶ್ ಗ್ರಹಿಸುವ ಆಕಾಶದ ಪಟ್ಟಿ ಸುಮಾರು 3 ಡಿಗ್ರಿ ಅಗಲವಾದದ್ದು. ಅದರ ಮಧ್ಯದಿಂದ ಒಂದೂವರೆ ಡಿಗ್ರಿ ತಪ್ಪಿದರೆ ಸಂಕೇತ ಅರ್ಧಕ್ಕೆ ಇಳಿಯುತ್ತದೆ. ಎದುರಂಚು ಇದ್ದಲ್ಲೇ ಇದ್ದು ಈ ಅಂಚು ಕೇವಲ ಒಂದೂವರೆ ಸೆಂಟಿಮೀಟರು ಸರಿದರೂ ಇಷ್ಟು ನಷ್ಟವಾಗುತ್ತದೆ. ಸಡಿಲವಾದ ಒಂದು ಬೋಲ್ಟು, ತುಕ್ಕು ತಿಂದ ಒಂದು ಕ್ಲಾಂಪು, ನೇರ ತಪ್ಪಿದ ಒಂದು ಕಂಬ ಇದಕ್ಕೆ ಸಾಕು. ಗಾಳಿ ಬೀಸಿದಾಗ ಮಾತ್ರ ಚಿತ್ರ ಒಡೆಯುತ್ತಿದ್ದರೆ ದೋಷ ಇಲ್ಲಿಯೇ ಇದೆ. ಡಿಶ್ಶಿನ ಮೈ ನೆಗ್ಗಿದ್ದರೂ ನಷ್ಟ ಕಡಮೆಯಲ್ಲ. ಜಾನ್ ರೂಜ್ ಎಂಬ ವಿದ್ವಾಂಸನು 1966ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸೂತ್ರದಂತೆ, ಮೈಯ ಏರುತಗ್ಗು ಸರಾಸರಿ 1 ಮಿಲಿಮೀಟರು ಇದ್ದರೆ ಸಂಕೇತದ ಐದರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ನಷ್ಟ. 2 ಮಿಲಿಮೀಟರಾದರೆ ಅರ್ಧಕ್ಕಿಂತ ಹೆಚ್ಚು ನಷ್ಟ. ಒಂದು ಕಡೆಯ ಅಲ್ಪ ನೆಗ್ಗನ್ನು ಬಿಡಬಹುದು; ಇಡೀ ತಟ್ಟೆ ತಿರುಚಿದ್ದರೆ ಅದನ್ನು ಬದಲಾಯಿಸುವುದೇ ಮೇಲು. ಮೇಲಿನ ಬಣ್ಣ ಮಾಸಿದ್ದರಿಂದ ಮಾತ್ರ ಹಾನಿಯೇನೂ ಇಲ್ಲ.

ಎರಡನೆಯದು, ಡಿಶ್ಶಿನ ನಾಭಿಯಲ್ಲಿ ತೋಳಿನ ತುದಿಗಿರುವ, ಎಲ್.ಎನ್.ಬಿ. ಎಂದು ಅಂಗಡಿಗಳಲ್ಲಿ ಕರೆಯುವ ಭಾಗ. ಅತಿ ಕ್ಷೀಣವಾದ ಸಂಕೇತವನ್ನು ತನ್ನ ಗದ್ದಲವನ್ನು ಹೆಚ್ಚು ಬೆರಸದೆ ವರ್ಧಿಸಿ, ಕೇಬಲ್ಲಿನಲ್ಲಿ ಸಾಗಬಲ್ಲ 950ರಿಂದ 2,150 ಮೆಗಾಹರ್ಟ್ಸ್ ಕಂಪನಾಂಕಕ್ಕೆ ಇಳಿಸುವುದು ಇದರ ಕೆಲಸ. ಮೊದಲ ವರ್ಧನೆಯಲ್ಲಿ ಬೆರೆತ ಗದ್ದಲವನ್ನು ಮುಂದೆ ಯಾವ ಪೆಟ್ಟಿಗೆಯೂ ಬೇರ್ಪಡಿಸಲಾರದು. ಆದುದರಿಂದ ಇಡೀ ವ್ಯವಸ್ಥೆಯ ಗುಣ ಈ ಚಿಕ್ಕ ಭಾಗವನ್ನೇ ಬಹುವಾಗಿ ಅವಲಂಬಿಸಿದೆ. ಇದರ ಬಾಯಿಗೆ ಮುಚ್ಚಿರುವ ಪ್ಲಾಸ್ಟಿಕ್ ಟೋಪಿ ವರ್ಷಗಳ ಬಿಸಿಲಿಗೆ ಬಿರಿಯುತ್ತದೆ. ಒಳಗೆ ನೀರು ಸೇರುತ್ತದೆ, ಕಣಜ ಗೂಡು ಕಟ್ಟುತ್ತದೆ. ಮಳೆ ನಿಂತು ಗಂಟೆಗಳಾದರೂ ಚಿತ್ರ ಮರಳದಿದ್ದರೆ, ಅಥವಾ ಸುಡುಬಿಸಿಲಿನ ಹೊತ್ತಿನಲ್ಲಿ ಮಾತ್ರ ವಾಹಿನಿಗಳು ಕಾಣೆಯಾಗುತ್ತಿದ್ದರೆ, ಇದನ್ನೇ ಸಂಶಯಿಸಬೇಕು. ಇದು ರಿಪೇರಿ ಮಾಡುವ ವಸ್ತುವಲ್ಲ, ಬದಲಾಯಿಸುವ ವಸ್ತು; ಬೆಲೆಯೂ ಕೆಲವು ನೂರು ರೂಪಾಯಿಗಳನ್ನು ಮೀರುವುದು ಅಪರೂಪ. ಹೊಸದು ಹಳೆಯದರ ಜಾತಿಯದೇ ಆಗಿರಬೇಕು. ಸಾಮಾನ್ಯ ಬಗೆಯದರ ಮೇಲೆ 9.75 ಮತ್ತು 10.6 ಗಿಗಾಹರ್ಟ್ಸ್ ಎಂಬ ಎರಡು ಸಂಖ್ಯೆಗಳಿರುತ್ತವೆ; ಪೆಟ್ಟಿಗೆಯಲ್ಲಿಯೂ ಅವೇ ಸಂಖ್ಯೆಗಳು ನಮೂದಾಗಿರಬೇಕು.

ಹೊಸದನ್ನು ಕೂಡಿಸುವಾಗ ಅದರ ತಿರುವನ್ನು ಮರೆಯಬಾರದು. ಉಪಗ್ರಹದ ಅಲೆಗಳು ಒಂದು ನಿಶ್ಚಿತ ಸಮತಲದಲ್ಲಿ ಕಂಪಿಸುತ್ತವೆ. ಭೂಮಿಯು ಗುಂಡಾಗಿರುವುದರಿಂದ ಆ ಸಮತಲ ನಮಗೆ ಓರೆಯಾಗಿ ಕಾಣುತ್ತದೆ. ಉಪಗ್ರಹದ ಅಲೆಗಳು ಭೂಮಧ್ಯರೇಖೆಗೆ ಸಮಾಂತರವಾಗಿ ಅಥವಾ ಲಂಬವಾಗಿ ಕಂಪಿಸುತ್ತವೆಯೆಂದು ಹಿಡಿದರೆ ಬೆಂಗಳೂರಿನಲ್ಲಿ ಈ ಓರೆ ಸುಮಾರು 50 ಡಿಗ್ರಿಯಷ್ಟಾಗುತ್ತದೆ. ತಿರುವು 10 ಡಿಗ್ರಿ ತಪ್ಪಿದರೆ ನಷ್ಟ ನೂರಕ್ಕೆ ಮೂರು ಮಾತ್ರ. 45 ಡಿಗ್ರಿ ತಪ್ಪಿದರೆ ಅರ್ಧ ಸಂಕೇತ ಹೋಗುವುದಲ್ಲದೆ ಇನ್ನೊಂದು ಸಮತಲದ ವಾಹಿನಿಗಳೂ ಬಂದು ಬೆರೆಯುತ್ತವೆ. ಆದುದರಿಂದ ಹಳೆಯದನ್ನು ಬಿಚ್ಚುವ ಮೊದಲೇ ಅದರ ತಿರುವನ್ನೂ ಕ್ಲಾಂಪಿನಲ್ಲಿ ಅದು ಕುಳಿತಿದ್ದ ಸ್ಥಾನವನ್ನೂ ಗುರುತು ಮಾಡಿಕೊಳ್ಳುವುದು ಜಾಣತನ.

ಮೂರನೆಯದು ಕೇಬಲ್ಲು ಮತ್ತು ಅದರ ತುದಿಯ ಕನೆಕ್ಟರುಗಳು. ಆರ್.ಜಿ.-6 ಎಂಬ ಸಾಮಾನ್ಯ ಕೇಬಲ್ಲು ಸುಸ್ಥಿತಿಯಲ್ಲಿದ್ದರೆ 20 ಮೀಟರು ಉದ್ದಕ್ಕೂ ಚಿಂತೆಯಿಲ್ಲ. ಸಂಕೇತ ಮೊದಲೇ ಸಾಕಷ್ಟು ವರ್ಧಿತವಾಗಿ ಬಂದಿರುತ್ತದೆ. ಕೇಡು ಬರುವುದು ಜೋಡಣೆಗಳಲ್ಲಿ. ಕನೆಕ್ಟರಿನೊಳಗೆ ಹೊಕ್ಕ ನೀರು ಹೊರ ಹೆಣಿಗೆಯ ಗುಂಟ ಮೀಟರುಗಟ್ಟಲೆ ಒಳಕ್ಕೆ ಇಳಿದು ಲೋಹವನ್ನು ಕಪ್ಪಾಗಿಸುತ್ತದೆ. ಇದೇ ಕೇಬಲ್ಲು ಪೆಟ್ಟಿಗೆಯಿಂದ ಎಲ್.ಎನ್.ಬಿ.ಗೆ ವಿದ್ಯುತ್ತನ್ನೂ ಒಯ್ಯುತ್ತದೆಂಬುದನ್ನು ನೆನಪಿಡಬೇಕು: 13 ವೋಲ್ಟ್ ಒಂದು ಸಮತಲದ ವಾಹಿನಿಗಳನ್ನೂ 18 ವೋಲ್ಟ್ ಇನ್ನೊಂದರವನ್ನೂ ಆರಿಸುತ್ತದೆ. ಕೊಳೆತ ಜೋಡಣೆಯಲ್ಲಿ ವೋಲ್ಟ್ ಇಳಿದರೆ ಒಂದು ಗುಂಪಿನ ವಾಹಿನಿಗಳು ಪೂರ್ಣವಾಗಿ ಮಾಯವಾಗಿ ಮತ್ತೊಂದು ಗುಂಪು ಚೆನ್ನಾಗಿಯೇ ಉಳಿಯುತ್ತದೆ. ಇಂಥ ಲಕ್ಷಣ ಕಂಡಾಗ ಡಿಶ್ಶಿನ ದಿಕ್ಕನ್ನು ಮುಟ್ಟಕೂಡದು. ಕಪ್ಪಾದ ಭಾಗವನ್ನು ಕತ್ತರಿಸಿ ಹೊಸ ಕನೆಕ್ಟರನ್ನು ಹಾಕಬೇಕು. ಕಪ್ಪು ಮುಗಿಯದಿದ್ದರೆ ಕೇಬಲ್ಲನ್ನೇ ಬದಲಾಯಿಸಬೇಕು. ಕೇಬಲ್ಲು ಮನೆಯನ್ನು ಹೊಗುವ ಮುನ್ನ ಕೆಳಕ್ಕೆ ಒಂದು ಜೋಲು ಬಿಟ್ಟರೆ ನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ.

ಪೆಟ್ಟಿಗೆಯು ಪರದೆಯ ಮೇಲೆ ಬಲ, ಗುಣಮಟ್ಟ ಎಂಬ ಎರಡು ಅಳತೆಗಳನ್ನು ತೋರಿಸುತ್ತದೆ. ಇವುಗಳ ಭೇದವನ್ನು ತಿಳಿದರೆ ಅರ್ಧ ಪರೀಕ್ಷೆ ಮುಗಿದಂತೆ. ಬಲವೆಂಬುದು ಗದ್ದಲವನ್ನೂ ಸೇರಿಸಿದ ಅಳತೆ. ಗುಣಮಟ್ಟವೆಂಬುದು ಸಂಕೇತವು ಎಷ್ಟು ಶುದ್ಧವಾಗಿ ಓದಲ್ಪಡುತ್ತಿದೆಯೆಂಬುದರ ಅಳತೆ. ಬಲ ಹೆಚ್ಚಿದ್ದು ಗುಣಮಟ್ಟ ಶೂನ್ಯವಾಗಿದ್ದರೆ ಕೇಬಲ್ಲೂ ಎಲ್.ಎನ್.ಬಿ.ಯೂ ಬಹುಶಃ ಜೀವಂತವಾಗಿವೆ, ಡಿಶ್ ದಿಕ್ಕು ತಪ್ಪಿದೆ ಎಂದರ್ಥ. ಎರಡೂ ಶೂನ್ಯವಾಗಿದ್ದರೆ ಕೇಬಲ್ಲನ್ನೋ ಎಲ್.ಎನ್.ಬಿ.ಯನ್ನೋ ಶಂಕಿಸಬೇಕು.

ಯಾವ ಭಾಗವನ್ನು ಬದಲಾಯಿಸಿದರೂ ನಿವಾರಣೆಯಾಗದ ಅಡಚಣೆಗಳೂ ಇವೆ. ಮಲೆನಾಡು ಕರಾವಳಿಗಳ ಜಡಿಮಳೆ ಅಲೆಗಳನ್ನು ಹೀರಿ ಚೆದರಿಸುತ್ತದೆ. ಅಂಥ ಮಳೆಗೆ ಒಳ್ಳೆಯ ಡಿಶ್ಶೂ ಕೆಲವು ನಿಮಿಷ ಸೋಲುತ್ತದೆ. ಮಾರ್ಚ್ ಮಧ್ಯದಲ್ಲಿಯೂ ಸೆಪ್ಟೆಂಬರಿನ ಕೊನೆಯಲ್ಲಿಯೂ ಕೆಲವು ದಿನ, ಬೆಂಗಳೂರಿನಲ್ಲಿ ಬೆಳಗಿನ ಸುಮಾರು 11 ಗಂಟೆಗೆ, ಸೂರ್ಯನು ಈ ಉಪಗ್ರಹದ ಹಿಂದೆಯೇ ಬಂದು ತನ್ನ ಗದ್ದಲದಿಂದ ಸಂಕೇತವನ್ನು ಕೆಲವು ನಿಮಿಷ ಮುಳುಗಿಸುತ್ತಾನೆ. ಇವಕ್ಕೆ ತಾಳ್ಮೆಯೇ ಮದ್ದು. ಆಗ್ನೇಯದಲ್ಲಿ ಬೆಳೆದು ನಿಂತ ತೆಂಗು ಹಲಸುಗಳಿಗಾದರೆ ಕೊಂಬೆ ಕಡಿಯುವುದೋ ಡಿಶ್ಶನ್ನು ಸ್ಥಳಾಂತರಿಸುವುದೋ ಮಾರ್ಗ.

ಕೆಲಸದ ಕ್ರಮವನ್ನು ಸಂಗ್ರಹಿಸಿ ಹೇಳುವುದಾದರೆ: ಮೊದಲು ಅಳತೆಗಳನ್ನು ಬರೆದುಕೊಳ್ಳಬೇಕು, ಅನಂತರ ಕನೆಕ್ಟರುಗಳು, ಆಮೇಲೆ ಎಲ್.ಎನ್.ಬಿ., ಆಮೇಲೆ ಕೇಬಲ್ಲು, ಬಳಿಕ ಡಿಶ್ಶಿನ ಬಿಗಿತ ಮತ್ತು ದಿಕ್ಕು, ಕಟ್ಟಕಡೆಗೆ ಪೆಟ್ಟಿಗೆ. ಲಕ್ಷಣವು ಸ್ಪಷ್ಟವಾಗಿ ಒಂದು ಭಾಗವನ್ನು ತೋರಿಸುತ್ತಿದ್ದರೆ ಅಲ್ಲಿಂದಲೇ ಆರಂಭಿಸಬಹುದು. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಾಯಿಸಿ ಗುಣಮಟ್ಟವನ್ನು ಮತ್ತೆ ನೋಡಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಕೆಟ್ಟಿದ್ದು ಯಾವುದೆಂಬುದು ತಿಳಿಯದೆಯೇ ಹೋಗುತ್ತದೆ. ಕನೆಕ್ಟರನ್ನು ಬಿಚ್ಚುವ ಮುನ್ನ ಪೆಟ್ಟಿಗೆಯ ವಿದ್ಯುತ್ತನ್ನು ನಿಲ್ಲಿಸಬೇಕು. ಗುಡುಗು ಸಿಡಿಲಿನ ಹೊತ್ತಿನಲ್ಲಾಗಲಿ, ನೆನೆದ ಹೆಂಚಿನ ಮೇಲಾಗಲಿ, ವಿದ್ಯುತ್ ತಂತಿಯ ಸಮೀಪದಲ್ಲಾಗಲಿ ಏರಕೂಡದು.

ಈ ಪರೀಕ್ಷೆಗೆ ವಿಶೇಷ ಉಪಕರಣಗಳೇನೂ ಬೇಕಾಗಿಲ್ಲ. ಒಂದೆರಡು ಸ್ಪ್ಯಾನರುಗಳು, ಕೇಬಲ್ಲು ಕತ್ತರಿಸಲು ಒಂದು ಚಾಕು, ಪರದೆಯನ್ನು ನೋಡಿ ಅಂಕಿ ಕೂಗಿ ಹೇಳಲು ಮನೆಯೊಳಗೆ ಒಬ್ಬರು ಇದ್ದರೆ ಸಾಕು. ಮುಂಗಾರಿಗೆ ಮೊದಲೇ, ಆಕಾಶ ತಿಳಿಯಾಗಿರುವ ಒಂದು ದಿನ, ಹೀಗೆ ನೋಡಿಕೊಂಡ ಮನೆಯಲ್ಲಿ ಹಳೆಯ ಡಿಶ್ಶೇ ಇನ್ನೂ ಹಲವು ಮಳೆಗಾಲಗಳನ್ನು ದಾಟಿಸೀತು.