ಅಂಗೈಯಗಲದ ಯುದ್ಧರಥ

ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ರಣಾಂಗಣಕ್ಕಿಳಿಸಿದ ಟೈಗರ್ ಟ್ಯಾಂಕು ಸುಮಾರು 57 ಟನ್ ತೂಕದ್ದು. ಅದರ ಮುಂಭಾಗದ ಕವಚದ ದಪ್ಪವೇ 100 ಮಿಲಿಮೀಟರು. ಇದನ್ನು 1:50ರ ಅಳತೆಗೆ ಇಳಿಸಿದರೆ ಒಡಲಿನ ಉದ್ದ ಹನ್ನೆರಡೂವರೆ ಸೆಂಟಿಮೀಟರಿಗೂ ಕವಚದ ದಪ್ಪ 2 ಮಿಲಿಮೀಟರಿಗೂ ಬಂದು ನಿಲ್ಲುತ್ತವೆ. ತೂಕವಾದರೋ, ಉದ್ದ ಅಗಲ ಎತ್ತರಗಳು ಮೂರೂ ಒಡನೆಯೇ ಕುಗ್ಗುವುದರಿಂದ, ಒಂದೂಕಾಲು ಲಕ್ಷದಲ್ಲೊಂದು ಪಾಲಾಗಿ ಅರ್ಧ ಕಿಲೋಗ್ರಾಮಿಗೂ ತುಸು ಕಡಿಮೆಯಾಗುತ್ತದೆ. ಲೋಹದ ಪ್ರತಿಕೃತಿಯನ್ನು ಅಂಗೈಯಲ್ಲಿರಿಸಿಕೊಂಡಾಗ ಆಗುವ ಆ ಭಾರದ ಅನುಭವವನ್ನು, ಎಷ್ಟೇ ಸೂಕ್ಷ್ಮವಾಗಿ ಮಾಡಿದ್ದರೂ, ಪ್ಲಾಸ್ಟಿಕ್ಕಿನ ಮಾದರಿ ಕೊಡಲಾರದು. ಡೈಕಾಸ್ಟ್, ಅಂದರೆ ಅಚ್ಚಿನಲ್ಲಿ ಎರಕಹೊಯ್ದ ಲೋಹದ ಮಾದರಿಗಳ, ಸಂಗ್ರಾಹಕರ ವ್ಯಾಮೋಹದ ಮೂಲ ಇಲ್ಲಿಯೇ ಇದೆ.

ಈ ಮಾದರಿಗಳ ಲೋಹವು ಸತುವಿಗೆ ಶೇಕಡಾ 4ರಷ್ಟು ಅಲ್ಯೂಮಿನಿಯಮನ್ನೂ, ಅತ್ಯಲ್ಪ ಪ್ರಮಾಣದಲ್ಲಿ ಮೆಗ್ನೀಸಿಯಮ್ ಮತ್ತು ತಾಮ್ರವನ್ನೂ ಬೆರೆಸಿದ ಮಿಶ್ರಲೋಹ. 400 ಡಿಗ್ರಿ ಸೆಲ್ಸಿಯಸ್ಸಿನೊಳಗೇ ಕರಗುವ ಇದನ್ನು ಒತ್ತಡದಿಂದ ಉಕ್ಕಿನ ಅಚ್ಚಿನೊಳಕ್ಕೆ ನುಗ್ಗಿಸಿದಾಗ, ಬೋಲ್ಟಿನ ತಲೆಯಂಥ ಕಿರಿದಾದ ಉಬ್ಬುಗಳೂ ಸ್ಪಷ್ಟವಾಗಿ ಮೂಡುತ್ತವೆ. ಆದರೆ ಸತುವು ಪರಿಶುದ್ಧವಾಗಿರಬೇಕು. ಫ್ರಾಂಕ್ ಹಾರ್ನ್‌ಬಿ ಕಟ್ಟಿದ ಮೆಕ್ಯಾನೋ ಸಂಸ್ಥೆಯು ಲಿವರ್‌ಪೂಲಿನಲ್ಲಿ ಯುದ್ಧಪೂರ್ವದಲ್ಲಿ ತಯಾರಿಸಿದ ಡಿಂಕಿ ಆಟಿಕೆಗಳಲ್ಲಿ ಎಷ್ಟೋ, ಕಿಂಚಿತ್ ಸೀಸ ಬೆರೆತ ಕಾರಣದಿಂದ, ಹೊರಗೆ ಬಣ್ಣ ಮಾಸದಿರುವಾಗಲೇ ಒಳಗೊಳಗೇ ಬಿರುಕುಬಿಟ್ಟು, ಉಬ್ಬಿ, ಕಡೆಗೆ ಹಳೆಯ ಗೋಡೆಯ ಗಾರೆಯಂತೆ ಉದುರಿಹೋಗಿವೆ. ಸಂಗ್ರಾಹಕರು ಇದನ್ನು ಸತುವಿನ ಪಿಡುಗೆನ್ನುತ್ತಾರೆ. ಇದಕ್ಕೆ ಔಷಧವಿಲ್ಲ.

ಡಿಂಕಿಯವು ಆಟಿಕೆಗಳಷ್ಟೇ. ಫ್ರಾನ್ಸಿನ ಸೊಲಿಡೊ ಸಂಸ್ಥೆಯು 1960ರ ದಶಕದಲ್ಲಿ ಒಂದೊಂದು ಕೊಂಡಿಯನ್ನೂ ಬಿಡಿಬಿಡಿಯಾಗಿ ಪೋಣಿಸಿದ ಲೋಹದ ಪಟ್ಟಿಗಳ ಮೇಲೆ ಉರುಳುವ ಟ್ಯಾಂಕುಗಳನ್ನು ಹೊರತಂದ ಮೇಲೆ, ಆಟಿಕೆಯು ಸಂಗ್ರಹಯೋಗ್ಯವಾದ ಮಾದರಿಯಾಗಿ ಬೆಳೆಯಿತೆಂದು ನಾನು ನಂಬಿದ್ದೇನೆ.

ಮಾದರಿಯ ಯೋಗ್ಯತೆಯನ್ನು ಅಳೆಯಬೇಕಾದದ್ದು ಹೊಳಪಿನಿಂದಲ್ಲ, ಇತಿಹಾಸದೊಡನೆ ಅದಕ್ಕಿರುವ ಸಾಮರಸ್ಯದಿಂದ. 1943ರ ಏಪ್ರಿಲಿನಲ್ಲಿ ಟುನೀಷಿಯಾದಲ್ಲಿ ಬ್ರಿಟಿಷರ ವಶವಾಗಿ, ಇಂದು ಇಂಗ್ಲೆಂಡಿನ ಬೋವಿಂಗ್ಟನ್ ಸಂಗ್ರಹಾಲಯದಲ್ಲಿರುವ 131ನೆಯ ಸಂಖ್ಯೆಯ ಟೈಗರನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಅಯಸ್ಕಾಂತದ ಸಿಡಿಮದ್ದುಗಳು ಅಂಟದಿರಲೆಂದು ಜರ್ಮನರು ಕವಚದ ಮೇಲೆ ಬಳಿಯುತ್ತಿದ್ದ, ಝಿಮ್ಮೆರಿಟ್ ಎಂಬ ಗೀರುಗೀರಾದ ಲೇಪ ಬಳಕೆಗೆ ಬಂದದ್ದು ಅದೇ ವರ್ಷದ ಉತ್ತರಾರ್ಧದಲ್ಲಿ. ಆದುದರಿಂದ 131ರ ಅಂಕಿ ಹೊತ್ತ ಮಾದರಿಯ ಮೈಮೇಲೆ ಆ ಗೀರುಗಳಿದ್ದರೆ, ಅದರ ಕೆಲಸಗಾರಿಕೆ ಎಷ್ಟೇ ಮನೋಹರವಾಗಿರಲಿ, ಅದು ಸುಳ್ಳು. ರಬ್ಬರಿನಂಚಿನ ಚಕ್ರಗಳಿರಬೇಕಾದಲ್ಲಿ 1944ರ ಉಕ್ಕಿನ ಚಕ್ರಗಳಿದ್ದರೂ ಹಾಗೆಯೇ.

ಭಾರತೀಯ ಸಂಗ್ರಾಹಕನಿಗೆ ಮಾತ್ರ ಟೈಗರಿಗಿಂತ ಸೆಂಚೂರಿಯನ್ ಹತ್ತಿರದ್ದು. 1954ರಲ್ಲಿ ಡಿಂಕಿಯ ಪಟ್ಟಿಗೆ ಸೇರಿದ ಈ ಬ್ರಿಟಿಷ್ ಟ್ಯಾಂಕನ್ನೇ ನಮ್ಮ ಸೈನಿಕರು 1965ರ ಯುದ್ಧದಲ್ಲಿ ಪಂಜಾಬಿನ ಅಸಲ್ ಉತ್ತರ್ ಎಂಬ ಊರಿನ ಕಬ್ಬಿನ ಗದ್ದೆಗಳ ನಡುವೆ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳಿಗೆದುರಾಗಿ ನಡೆಸಿದರು. ಸಂಗ್ರಹವನ್ನು ಆರಂಭಿಸಬೇಕೆನ್ನುವವರು ಇದರಿಂದಲೇ ಆರಂಭಿಸಲಿ. ಕೊಳ್ಳುವ ಮೊದಲು ಅಡಿಭಾಗವನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಲಿ, ಕೊಂಡ ಮೇಲೆ ತೇವವಿಲ್ಲದ ಕಪಾಟಿನಲ್ಲಿಡಲಿ. ಬಿರುಕು ಕಂಡ ಮಾದರಿಯನ್ನು ಅರ್ಧ ಬೆಲೆಗೆ ಕೊಟ್ಟರೂ ಕೊಳ್ಳಬಾರದು.