ಒಂದು ಸೀಸದ ಗುಂಡು

ಹೆಬ್ಬೆರಳ ತುದಿಯಷ್ಟು ಗಾತ್ರ. ತೂಕ ಸುಮಾರು 3 ತೊಲ. ಮೈಮೇಲೆ ಬೂಷ್ಟು ಹಿಡಿದಂಥ ಬಿಳಿಯ ಪದರ. ನ್ಯೂಜಿಲೆಂಡಿನ ವೈಕಾಟೊ ಸೀಮೆಯ ರಣಭೂಮಿಗಳಲ್ಲಿ ನೆಲದಡಿ ಸಿಕ್ಕುವ ಬಂದೂಕಿನ ಗುಂಡು ಇಂಥದು. ನೋಟಕ್ಕೆ ಬರಿಯ ಕಲ್ಲುಚೂರು, ಓದಬಲ್ಲವರಿಗೆ ಶಾಸನ.

ಓದುವ ಬಗೆ ಹೇಗೆಂದು ನೋಡೋಣ. ಗುಂಡು ಉದ್ದವಾಗಿ, ಬುಡದಲ್ಲಿ ಟೊಳ್ಳಾಗಿದ್ದರೆ ಅದು ಬ್ರಿಟಿಷ್ ಸೈನಿಕನ ಎನ್‌ಫೀಲ್ಡ್ ಬಂದೂಕಿನದು. 1857ರಲ್ಲಿ ತೋಟಾಗಳಿಗೆ ಸವರಿದ ಕೊಬ್ಬಿನ ಸುದ್ದಿಯಿಂದ ನಮ್ಮ ಸಿಪಾಯಿಗಳನ್ನು ಕೆರಳಿಸಿದ ಬಂದೂಕೂ ಇದೇ. ಮದ್ದು ಸಿಡಿದಾಗ ಟೊಳ್ಳು ಬುಡ ಅರಳಿ ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಕಚ್ಚಿಕೊಳ್ಳುತ್ತದೆ. ಗುಂಡು ಗಿರ್ರನೆ ತಿರುಗುತ್ತ ದೂರಕ್ಕೆ ಗುರಿತಪ್ಪದೆ ಹೋಗುತ್ತದೆ. ಮೈಮೇಲೆ ಆ ಗೀರುಗಳ ಅಚ್ಚಿದ್ದರೆ ಅದು ಹಾರಿದ ಗುಂಡು. ಇಲ್ಲದಿದ್ದರೆ ಅವಸರದ ಕೈಯಿಂದ ಜಾರಿದ್ದು. ಗೋಲಿಯಂತೆ ದುಂಡಗಿದ್ದರೆ ಬಹುಮಟ್ಟಿಗೆ ಮಾವೊರಿಗಳ ಹಳೆಯ ಕೋವಿಯದು.

ಮಾವೊರಿಗಳು ಆ ದ್ವೀಪಗಳ ಮೂಲನಿವಾಸಿಗಳು. ತಮ್ಮ ನೆಲ ಪರರ ಪಾಲಾಗಬಾರದೆಂದು ಅವರಲ್ಲಿ ಹಲವು ಕುಲಗಳವರು 1858ರಲ್ಲಿ ತಮ್ಮದೇ ಒಬ್ಬ ಅರಸನನ್ನು ನಿಲ್ಲಿಸಿದರು. 1863ರಲ್ಲಿ ಸರ್ಕಾರದ ಸೈನ್ಯ ವೈಕಾಟೊವನ್ನು ಹೊಕ್ಕಿತು. ಮರುವರ್ಷ ಮಾರ್ಚ್ 31ರಿಂದ ಮೂರು ದಿನ, ಒರಾಕಾವ್ ಎಂಬಲ್ಲಿ ಪೀಚ್ ತೋಪಿನ ಬಳಿ ಎಬ್ಬಿಸಿದ ಮಣ್ಣಿನ ಕೋಟೆಯಲ್ಲಿ ಸುಮಾರು 300 ಮಂದಿ ಸಾವಿರಕ್ಕೂ ಮೀರಿದ ಸೈನಿಕರನ್ನು ತಡೆದರು. ರೇವಿ ಮನಿಯಾಪೊಟೊ ಅವರ ನಾಯಕ. ಒಳಗೆ ಹೆಂಗಸರೂ ಮಕ್ಕಳೂ ಇದ್ದರು.

ನೀರು ಮುಗಿಯಿತು. ಸೀಸವೂ ಮುಗಿಯಿತು. ಆಗ ಅವರು ಕೋವಿಗೆ ತುಂಬಿದ್ದು ಪೀಚ್ ಹಣ್ಣಿನ ಓಟೆ, ಮರದ ಚೂರು. ಶರಣಾಗಿರೆಂದರೆ ಒಪ್ಪಲಿಲ್ಲ, ಹೆಂಗಸರು ಮಕ್ಕಳನ್ನಾದರೂ ಹೊರಗೆ ಕಳುಹಿಸಿರೆಂದರೆ ಹೆಂಗಸರೇ ಒಲ್ಲೆವೆಂದರು. ಏಪ್ರಿಲ್ 2ರಂದು ಎಲ್ಲರೂ ಒಟ್ಟಾಗಿ ಕೋಟೆಯಿಂದ ಹೊರಬಿದ್ದರು. ಅರ್ಧದಷ್ಟು ಜನ ಮಡಿದರು. ಹಲವರು ಬೆನ್ನಟ್ಟಿದವರ ಕೈಗೆ ಸಿಕ್ಕಿ. ಯುದ್ಧದ ತರುವಾಯ ಸರ್ಕಾರ ವೈಕಾಟೊದಲ್ಲಿ ಸುಮಾರು 12 ಲಕ್ಷ ಎಕರೆ ನೆಲವನ್ನು ಕಸಿದುಕೊಂಡಿತು. ಅದು ತಪ್ಪೆಂದು ಕಾನೂನಿನ ಮೂಲಕ ವೈಕಾಟೊ ಜನರ ಕ್ಷಮೆ ಕೇಳಿದ್ದು 1995ರಲ್ಲಿ.

ಈಗ ಮತ್ತೆ ಗುಂಡಿನತ್ತ ನೋಡಿ. ಸೀಸ ನೂರಾರು ವರ್ಷ ಮಣ್ಣಿನಲ್ಲಿ ಬಾಳುತ್ತದೆ. ಮರದ ಚೂರೂ ಹಣ್ಣಿನ ಓಟೆಯೂ ಕೊಳೆತು ಮಣ್ಣಾಗುತ್ತವೆ. ಆದುದರಿಂದ ಸಿಕ್ಕ ಗುಂಡುಗಳನ್ನಷ್ಟೇ ಎಣಿಸಿ ಕಾಳಗದ ಕಥೆ ಬರೆದರೆ ಅದು ಸೀಸ ಉಳ್ಳವರ ಕಥೆಯಾದೀತು. ಸೀಸವಿಲ್ಲದವರ ಕಥೆ ಉಳಿದದ್ದು ಜನರ ನೆನಪಿನಲ್ಲಿ. ಶಾಸನ ಓದುವವನು ಅಳಿಸಿಹೋದ ಸಾಲುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?